ಬಿಡುಗಲ್ಲು

ಕರೇಗುಡ್ಡ ಹತ್ತುವವರಿಗೆ ಬಲಬದಿಯ ಬಂಡೆಯ ಮೇಲೆ ನೆತ್ತಿಯಿಂದ ಬುಡದವರೆಗೆ ನೇಗಿಲು ಹೊಡೆದಂತಹ ಗೀರೊಂದು ಕಾಣುತ್ತದೆ. ಅದು ಮುಗಿಯುವಲ್ಲಿ, ಹಾಳು ಗೋಡೆಗಳ ನಡುವೆ, ಎರಡು ಹೋಳಾಗಿ ಬಿದ್ದಿರುವ ಕಲ್ಲುಕಂಬವನ್ನು ಸುತ್ತಲಿನ ಜನ ಬಿಡುಗಲ್ಲು ಎನ್ನುತ್ತಾರೆ.

ಹಿಂದೆ ಒಮ್ಮೆ ಇಲ್ಲಿ ಕೋಟೆಯಿದ್ದಾಗ, ಕಿಲ್ಲೇದಾರ ಸೋಮರಸನಿಗೆ ನೆತ್ತಿಯ ಮೇಲೆ ತನ್ನ ಹೆಸರಿನ ಕಂಬ ನಿಲ್ಲಿಸುವ ಹುಚ್ಚು ಹಿಡಿಯಿತಂತೆ. ಏರಿಸುವ ಕೆಲಸ ಕಲ್ಲುಕುಟಿಗರಾದ ಗುರುವಣ್ಣ, ಅವನ ಹೆಂಡತಿ ನಾಗುಲಕ್ಕ ಮತ್ತವರ ತಂಡದ ಪಾಲಿಗೆ ಬಂತು. ಅಡಿಗೆ ದಿಮ್ಮಿ ಕೊಟ್ಟು, ಮಿಣಿಹಗ್ಗ ಬಿಗಿದು, ಗೇಣು ಗೇಣಾಗಿ ಎಳೆದು, ಕಲ್ಲು ಹಿಂದೆ ಜಾರದಂತೆ ಬೆಣೆ ಹೊಡೆಯುತ್ತ ಇಪ್ಪತ್ತೆರಡು ದಿನ ಏರಿಸಿದರು. ಹದಿನೆಂಟನೆಯ ದಿನ ಮಿಣಿ ಹರಿಯಿತು. ಜಾರುತ್ತಿದ್ದ ಕಂಬಕ್ಕೆ ಬೆಣೆ ಕೊಡಲು ನುಗ್ಗಿದ ಗುರುವಣ್ಣ ಅದರಡಿ ಸಿಕ್ಕಿ ಸತ್ತ. ಅವನನ್ನು ಮಣ್ಣು ಮಾಡಿದ ಮರುದಿನವೇ ನಾಗುಲಕ್ಕ ಮತ್ತೆ ಮಿಣಿ ಹಿಡಿದಳು. ಅವನು ಪ್ರಾಣ ಕೊಟ್ಟು ತಡೆದ ಕಲ್ಲು ನಡುದಾರಿಯಲ್ಲಿ ನಿಲ್ಲಬಾರದೆಂಬ ಹಟ ಅವಳದು.

ಕಂಬ ನೆತ್ತಿ ಮುಟ್ಟಿ, ಇಳಿಜಾರಿನ ಅಂಚಿನಲ್ಲಿ ಬೆಣೆಗೆ ಆತು ನಿಂತ ದಿನ ಸೋಮರಸ ಪಲ್ಲಕ್ಕಿಯಲ್ಲಿ ಬಂದ. ಒಂದು ಸುತ್ತು ಹಾಕಿ, "ಬಣ್ಣ ಮಾಸಲು. ಇಳಿಸಿ ಬೇರೆ ತನ್ನಿ" ಎಂದ.

"ಬುದ್ಧೀ, ಇದಕ್ಕೆ ನನ್ನ ಗಂಡನ ಜೀವ ಹೋಗೈತೆ."

"ಕೆಳಗಿದ್ದ ಕಲ್ಲೇ ಇಲ್ಲೂ ಇದೆ. ನೀವು ಅದಕ್ಕೆ ಸೇರಿಸಿದ್ದಾದರೂ ಏನು?" ಎಂದು ಅವನು ನಕ್ಕ.

ನಾಗುಲಕ್ಕನ ಮೈಯೆಲ್ಲ ಉರಿಯಿತು. ಇಪ್ಪತ್ತೆರಡು ದಿನದ ಬೆವರು, ಕಿತ್ತುಹೋದ ಅಂಗೈಗಳು, ಗಂಡನ ಕೊನೆಯ ಉಸಿರು ಎಲ್ಲವೂ ಆ ಕಲ್ಲಿನೊಳಗೆ ಒಂದೇ ಒಂದು ಬೆಣೆಯ ತಡೆಯಲ್ಲಿ ಕೂತಿವೆಯೆಂದು ಅವಳು ಬಲ್ಲಳು. ನೇರ ಕೆಳಗೆ ಸೋಮರಸನ ಹೊಸ ಮಹಲು, ಇನ್ನೂ ಯಾರೂ ಕಾಲಿಡದೆ ಖಾಲಿ ನಿಂತಿತ್ತು.

"ದಾರಿ ಬಿಡ್ರೋ!" ಎಂದು ತನ್ನವರಿಗೆ ಕೂಗಿದಳು. ಆಮೇಲೆ ಅವನತ್ತ ತಿರುಗಿ, "ಏನು ಸೇರಿಸಿದ್ವೋ ಕಣ್ತುಂಬ ನೋಡ್ರಿ" ಎಂದವಳೇ ಸುತ್ತಿಗೆ ಬೀಸಿ ಬೆಣೆ ಹಾರಿಸಿದಳು.

ಅಷ್ಟು ದಿನ ಹತ್ತಿದ ಕಲ್ಲು ನಾಲ್ಕು ಉಸಿರಿನಲ್ಲಿ ಇಳಿಯಿತು. ಬಂಡೆ ಸೀಳಿ ಕಿಡಿ ಕಾರುತ್ತ ಹೋಗಿ ಮಹಲಿನ ಮೂರು ಗೋಡೆಗಳನ್ನು ಪುಡಿಮಾಡಿ, ನಾಲ್ಕನೆಯದಕ್ಕೆ ಬಡಿದು ಎರಡಾಯಿತು. ಭಟರು ಅವಳತ್ತ ನುಗ್ಗಿದರೆ, ತಂಡದವರು ಹಾರೆ ಹಿಡಿದು ಅಡ್ಡ ನಿಂತರು. ಬಿಳಿಚಿಕೊಂಡ ಸೋಮರಸ ಪುಡಿಯಾದ ಮಹಲನ್ನೇ ನೋಡುತ್ತ ನಿಂತ; ಅವನ ಅಪ್ಪಣೆಯಿಲ್ಲದೆ ಭಟರು ಮುಂದೆ ಬರಲಿಲ್ಲ. ನಾಗುಲಕ್ಕ ತನ್ನವರೊಂದಿಗೆ ಹಗಲಲ್ಲೇ, ಹಿಂತಿರುಗಿ ನೋಡದೆ, ಗುಡ್ಡ ಇಳಿದು ಹೋದಳು. ಆಮೇಲೆ ಅವನಿಗಾಗಿ ಕಲ್ಲೆತ್ತಲು ಯಾವ ಊರಿನವರೂ ಬರಲಿಲ್ಲವೆನ್ನುತ್ತಾರೆ.

ನೆತ್ತಿಯ ಮೇಲೆ ಕಂಬಕ್ಕೆಂದು ಕೊರೆದ ಚೌಕನೆಯ ಕುಳಿ ಇಂದಿಗೂ ಬರಿದಾಗಿದೆ. ಮಳೆ ಬಂದರೆ ಹಕ್ಕಿಗಳು ಅಲ್ಲಿ ನೀರು ಕುಡಿಯುತ್ತವೆ. ನೋಡಬಂದವರು ಯಾರಾದರೂ ಕಲ್ಲು ತಾನಾಗಿ ಉರುಳಿರಬೇಕು ಎಂದರೆ ಊರಿನ ಹಿರಿಯರು ಕೆರಳಿ ಕೇಳುತ್ತಾರೆ: "ತಾನಾಗಿ ಹತ್ತಿತ್ತೇನು?"