ಗೆರೆಯಿಲ್ಲದ ಹೆಬ್ಬೆಟ್ಟು

“ಗುರುಗಳೇ, ನಾನು ಕಾಣದ ಕಡೆ ನಡೆದ ತಪ್ಪಿನಲ್ಲಿ ನನಗೂ ಪಾಲಿದೆಯೇ?”

ಕೇಳಿದವನು ಚನ್ನವೀರ, ಮಠದ ಉಗ್ರಾಣ ನೋಡಿಕೊಳ್ಳುವ ಶಿಷ್ಯ. ಮೂರು ದಿನಗಳಿಂದ ಅವನಿಗೆ ಅನ್ನ ಸೇರುತ್ತಿರಲಿಲ್ಲ. ದಾಸೋಹಕ್ಕೆ ಬೆಲ್ಲ ಕಳಿಸುವ ಆಲೆಮನೆಯಲ್ಲಿ ಆಳುಗಳನ್ನು ಮನೆಗೆ ಹೋಗಲು ಬಿಡುತ್ತಿಲ್ಲವೆಂದು, ಒಬ್ಬ ಹೆಂಗಸು ತನ್ನ ಕೂಸಿನ ಮುಖ ಕಾಣದೆ ಎಂಟು ದಿನವಾಯಿತೆಂದು ಯಾರೋ ಸುದ್ದಿ ತಂದಿದ್ದರು.

“ಬರುವ ಅಮಾವಾಸ್ಯೆಗೆ ಎಂದು ನಾನು ಮೊದಲು ಹೇಳಿದ್ದ ಬೆಲ್ಲ ಅದು. ಆಮೇಲೆ, ಉಗ್ರಾಣ ಬೇಗ ತುಂಬಿರಲಿ ಅಂತ, ಈ ಹುಣ್ಣಿಮೆಯೊಳಗೇ ಕಳಿಸಿ ಎಂದು ಬರೆದಿದ್ದೆ. ಹುಣ್ಣಿಮೆಗೆ ಇನ್ನು ನಾಲ್ಕು ದಿನ. ಅಷ್ಟರಲ್ಲಿ ಈ ಸುದ್ದಿ. ಆ ಬೆಲ್ಲದ ಪಾಯಸವನ್ನು ಜನರ ಎಲೆಗೆ ಹೇಗೆ ಬಡಿಸಲಿ? ಆಲೆಮನೆಯವನಿಂದ ಕಾಗದವನ್ನೇನೋ ಬರೆಸಿಕೊಂಡಿದ್ದೇನೆ. ಅಲ್ಲಿ ಯಾರಿಗೂ ತೊಂದರೆಯಿಲ್ಲವಂತೆ. ಆಳುಗಳೆಲ್ಲ ಹೆಬ್ಬೆಟ್ಟು ಒತ್ತಿದ್ದಾರೆ. ಇಷ್ಟು ಸಾಲದೇ?”

ಅವನು ಆ ಕಾಗದವನ್ನು ಎದೆಗವಚಿಕೊಂಡು ನಿಂತಿದ್ದ. ಗುರುಗಳು ನಕ್ಕರು.

“ಅದೇನು ತಾಯಿತವೇ, ಹಾಗೆ ಹಿಡಿದುಕೊಳ್ಳಲಿಕ್ಕೆ? ಕೆಳಗಿಟ್ಟು ಕೂತುಕೋ,” ಎಂದು ಈ ಕತೆ ಹೇಳಿದರು.

ಒಬ್ಬ ವರ್ತಕನಿದ್ದ. ಗೋಡಂಬಿ ಮಾರುತ್ತಿದ್ದ. ಅವನ ಗೋಡಂಬಿಯ ಬಿಳುಪು ಊರಿಗೆಲ್ಲ ಹೆಸರುವಾಸಿ. ಅರಮನೆಯ ಅಡುಗೆಗೂ ಅವನಲ್ಲಿಂದಲೇ ಹೋಗುತ್ತಿತ್ತು. ತಿರುಳು ಚೂರು ಬಣ್ಣ ತಿರುಗಿದ್ದರೂ ಅವನು ಮೂಟೆಗೆ ಮೂಟೆಯನ್ನೇ ವಾಪಸು ಕಳಿಸುತ್ತಿದ್ದ. ಬೀಜ ಒಡೆಸಿ ಕಳಿಸುವ ಗುತ್ತಿಗೆದಾರನ ಚಪ್ಪರ ಅರ್ಧ ದಿನದ ದಾರಿ. ಹನ್ನೆರಡು ವರ್ಷಗಳಲ್ಲಿ ವರ್ತಕ ಒಮ್ಮೆಯೂ ಅಲ್ಲಿಗೆ ಹೋಗಿರಲಿಲ್ಲ. ಬಿಡುವಿಲ್ಲ ಎನ್ನುತ್ತಿದ್ದ. ಗೋಡಂಬಿಯನ್ನು ಒಂದೊಂದಾಗಿ ತಿರುವಿ ನೋಡಲು ಮಾತ್ರ ಮಹಾರಾಯನಿಗೆ ಬಿಡುವಿತ್ತು.

ಒಂದು ದಿನ ಅರಮನೆಯಿಂದ ಹೇಳಿಕೆ ಬಂತು. ‘ನಿನಗೆ ಬೀಜ ಒಡೆದುಕೊಡುವ ಹೆಂಗಸರ ಕೈ ಸುಡುತ್ತಿದೆಯಂತೆ. ಹಾಗಿಲ್ಲವೆಂದು ತೋರಿಸು. ಇಲ್ಲವಾದರೆ ಅರಮನೆಯ ಮದುವೆಯ ಅಡುಗೆಗೆ ಬೇರೆಯವರನ್ನು ನೋಡುತ್ತೇವೆ.’

ವರ್ತಕನಿಗೆ ಜೀವ ಬಾಯಿಗೆ ಬಂತು. ಅದರಲ್ಲಿ ಹೆಂಗಸರ ಕೈಯ ಚಿಂತೆ ಎಷ್ಟು, ಅರಮನೆ ಕೈತಪ್ಪುವ ಚಿಂತೆ ಎಷ್ಟು ಎಂದು ಕೇಳಿದ್ದರೆ ಅವನೇ ಹೇಳಲಾರ. ಎರಡೂ ಇದ್ದವು. ಮನುಷ್ಯ ಕೆಟ್ಟವನಲ್ಲ. ಕೈ ಸುಡುವುದಿಲ್ಲವೆಂದು ಒಡೆಯುವವರೆಲ್ಲರಿಂದ ಬರೆಸಿ ಕಳಿಸು ಎಂದು ಅಂದೇ ಗುತ್ತಿಗೆದಾರನಿಗೆ ಹೇಳಿ ಕಳಿಸಿದ. ಆಮೇಲೆ ಒಳಗೂ ಹೊರಗೂ ಓಡಾಡಿದ. ಬೀದಿಯಲ್ಲಿ ಗಾಡಿಯ ಸದ್ದಾದರೆ ಸಾಕು, ಊಟದ ಎಲೆಯಿಂದಲೂ ಏಳುತ್ತಿದ್ದ.

ಐದನೆಯ ದಿನ ಕಾಗದ ಬಂತು. ‘ನಮ್ಮ ಕೈಗಳಿಗೆ ಯಾವ ಬಾಧೆಯೂ ಇಲ್ಲ’ ಎಂದು ದುಂಡು ಅಕ್ಷರದಲ್ಲಿ ಬರೆದಿತ್ತು. ಕೆಳಗೆ ನಲವತ್ತು ಹೆಬ್ಬೆಟ್ಟುಗಳಿದ್ದವು. ವರ್ತಕ ಎರಡು ಸಲ ಓದಿದ. ಒಂದು ಕಾಗುಣಿತದ ತಪ್ಪೂ ಇರಲಿಲ್ಲ. ಬದುಕಿದೆ ಎಂದುಕೊಂಡು, ದೇವರ ಮುಂದೆ ಇಡು ಎಂದು ಹೆಂಡತಿಯ ಕೈಗೆ ಕೊಟ್ಟ.

ಹೆಂಡತಿಗೆ ಓದು ಬಾರದು. ಹಾಗಾಗಿ ಆಕೆ ಅಕ್ಷರ ಬಿಟ್ಟು ಹೆಬ್ಬೆಟ್ಟುಗಳನ್ನು ನೋಡಿದಳು. ಆಕೆಯೂ ಹಿಂದೊಮ್ಮೆ ಮನೆಯ ಪತ್ರಕ್ಕೆ ಹೆಬ್ಬೆಟ್ಟು ಒತ್ತಿದವಳೇ. ತನ್ನ ಬೆರಳಿನ ಗೆರೆಗಳು ಸುತ್ತು ಸುತ್ತಾಗಿ ಮೂಡಿದ್ದು ನೆನಪಿತ್ತು.

“ಇವಕ್ಕೆ ಗೆರೆಯೇ ಇಲ್ಲವಲ್ಲ,” ಎಂದಳು.

ವರ್ತಕ ಕಾಗದ ಕಿತ್ತುಕೊಂಡ. ನಲವತ್ತೂ ಬರಿಯ ಮಸಿಯ ಕಲೆ. ತನ್ನ ಹೆಬ್ಬೆರಳಿಗೆ ಮಸಿ ಹಚ್ಚಿ ಪಕ್ಕದಲ್ಲಿ ಒತ್ತಿದ. ಗೆರೆಗಳು ಎಣಿಸುವಷ್ಟು ಸ್ಪಷ್ಟವಾಗಿ ಮೂಡಿದವು. ಕೈ ಸುಡುವುದಿಲ್ಲವೆಂದು ಸಾಕ್ಷಿ ಹೇಳಿದ್ದು ಸುಟ್ಟ ಕೈಗಳೇ. ಎರಡು ಸಲ ಓದಿದರೂ ತನಗದು ಕಾಣಲಿಲ್ಲವಲ್ಲ ಎಂದು ಅವನಿಗೆ ಹೆದರಿಕೆಯಾಯಿತು.

ಆ ಗಳಿಗೆಯೇ ಗಾಡಿ ಕಟ್ಟಿಸಿದ. ದಾರಿಯುದ್ದಕ್ಕೂ ಗುತ್ತಿಗೆದಾರನಿಗೆ ಬೈದ. ಮೋಸಗಾರ ಎಂದ, ಕಟುಕ ಎಂದ, ನನ್ನ ಮಾನ ಕಳೆದ ಎಂದ. ಚಪ್ಪರದ ಮುಂದೆ ಇಳಿದು ಒಳಗೆ ಹೋದ. ಹೆಂಗಸರು ಸಾಲಾಗಿ ಕೂತು ಹಸಿ ಬೀಜ ಒಡೆಯುತ್ತಿದ್ದರು. ಸಿಪ್ಪೆಯ ಸುಡುವ ಸೊನೆ ಬೆರಳುಗಳಿಗೆ ಇಳಿಯುತ್ತಿತ್ತು. ಬೂದಿ ಮೆತ್ತಿಕೊಂಡರೂ ಕೈಗಳು ಕಪ್ಪಾಗಿ ಚರ್ಮ ಸುಲಿದಿತ್ತು.

“ಹುರಿದು ಒಡೆಯಬಾರದೇನಮ್ಮ? ಸೊನೆ ಸುಟ್ಟುಹೋಗುತ್ತದಲ್ಲ?” ಎಂದು ಅಂಚಿನಲ್ಲಿ ಕೂತಿದ್ದ ಮುದುಕಿಯನ್ನು ಕೇಳಿದ.

ಆಕೆ ಕೈ ನಿಲ್ಲಿಸಲಿಲ್ಲ. “ಮೊದಲು ಹುರಿದೇ ಒಡೀತಿದ್ದೆವು ಧಣಿ. ಹುರಿದರೆ ತಿರುಳು ಸ್ವಲ್ಪ ಕೆಂಪಾಗ್ತದೆ. ಕೆಂಪು ಬೇಡ ಅಂತ ಪೇಟೆಯ ಧಣಿ ಯಾರೋ ಮೂಟೆಗಳನ್ನೆಲ್ಲ ವಾಪಸು ಕಳಿಸಿದ್ರಂತೆ. ನಾವು ಅವರನ್ನು ಕಂಡವರಲ್ಲ. ನೀವು ಪೇಟೆಯವರ ಹಾಗೆ ಕಾಣ್ತೀರಿ. ಅವರು ಸಿಕ್ಕಿದರೆ ನಮ್ಮ ಪರವಾಗಿ ಒಂದು ಮಾತು ಹೇಳಿ.”

ಗುರುಗಳು ಅಲ್ಲಿಗೆ ಕತೆ ನಿಲ್ಲಿಸಿದರು. ನೆಲದ ಮೇಲಿದ್ದ ಕಾಗದವನ್ನು ಚನ್ನವೀರ ಮತ್ತೆ ಮುಟ್ಟಿರಲಿಲ್ಲ.

“ಆಮೇಲೆ? ವರ್ತಕ ಆಕೆಗೆ ಏನು ಹೇಳಿದ?”

“ಅದಿರಲಿ ಚನ್ನವೀರ, ಅಮಾವಾಸ್ಯೆಯ ಬೆಲ್ಲವನ್ನು ಹುಣ್ಣಿಮೆಗೇ ಕೇಳಿದವರು ಯಾರು?”