ತವರಿಗೆ ಬಂದ ಗೊಂಬೆ

ಯಾವುದೋ ಕಾಲದಲ್ಲಿ, ಹೆಸರು ಮರೆತುಹೋದ ಒಂದೂರಿನಲ್ಲಿ, ಅರಮನೆಯ ಮರದ ಗೊಂಬೆ ವರ್ಷ ವರ್ಷ ಬೆಳೆಯುತ್ತದೆ ಎಂದು ಎಲ್ಲರೂ ನಂಬಿದ್ದರಂತೆ. ಪುರೋಹಿತ ನಂಬಿದ್ದ, ಮಂತ್ರಿ ನಂಬಿದ್ದ. ಅರಸನೇ ನಂಬಿದ ಮೇಲೆ ಅವರಾದರೂ ಇನ್ನೇನು ಮಾಡಿಯಾರು?

ಅರಸನಿಗೆ ಗೊಂಬೆ ಕೂಡಿಡುವ ಹುಚ್ಚು. ಗೊಂಬೆ ಮಾಡುವ ಹೂವವ್ವ ತನ್ನ ಪುಟ್ಟ ಮಗಳು ಸಾವಂತ್ರಿಯಷ್ಟೇ ಎತ್ತರಕ್ಕೆ ಒಂದು ಗೊಂಬೆ ಕೆತ್ತಿದಳಂತೆ. ಅರಸ ಅದನ್ನು ಹೊತ್ತುಕೊಂಡು ಹೋದ. ಅದಕ್ಕೆ ಸೀರೆ ಉಡಿಸಿ ಜಡೆ ಹೆಣೆಯಲು ಸಾವಂತ್ರಿಯನ್ನೂ ಕರೆದೊಯ್ದ.

"ಗೊಂಬೆ ಅರಮನೆಯಲ್ಲಿ ಇರುವತನಕ ಹುಡುಗಿಯೂ ಇರಲಿ" ಅಂದ. ಹೂವವ್ವನನ್ನು ಯಾರೂ ಕೇಳಲಿಲ್ಲ. ಮಗಳನ್ನು ನೋಡಲು ಹೋದರೆ ಕಾವಲಿನವರು ಒಳಗೆ ಬಿಡಲಿಲ್ಲ.

ಬಣ್ಣ ಮಾಸುತ್ತದಲ್ಲ, ವರ್ಷಕ್ಕೊಮ್ಮೆ ದಸರೆಗೆ ಮುಂಚೆ ಗೊಂಬೆ ಪಲ್ಲಕ್ಕಿಯಲ್ಲಿ ಹೂವವ್ವನ ಮನೆಗೆ ಬರುತ್ತಿತ್ತಂತೆ. ಸಾವಂತ್ರಿ ಬರುತ್ತಿರಲಿಲ್ಲ. ಹೂವವ್ವ ಬಾಗಿಲು ಹಾಕಿಕೊಂಡು ಗೊಂಬೆಯ ಸೀರೆಯನ್ನು ಮೂಸುತ್ತಿದ್ದಳು. ಜಡೆಯನ್ನು ಮೆಲ್ಲಗೆ ಬಿಚ್ಚುತ್ತಿದ್ದಳು, ಹೆಣಿಗೆ ಮಗಳದು. ಅರಮನೆಗೆ ಮರಳಿದ ಗೊಂಬೆ ಒಂದಿಷ್ಟು ಎತ್ತರವಾಗಿರುತ್ತಿತ್ತು. ಆ ವರ್ಷ ಬೆಳೆಯಿತು, ಮರುವರ್ಷ ಬೆಳೆಯಿತು, ಬೆಳೆದು ಬೆಳೆದು ಅರಸನ ಭುಜಕ್ಕೆ ಬಂತು.

ಅರಸ ಹೂವವ್ವನನ್ನು ಕರೆಸಿದ.

"ಗೊಂಬೆ ಮದುವೆಗೆ ಬಂದಿದೆ ಕಣವ್ವ. ನೆರೆಯ ಅರಸನ ಹತ್ತಿರ ಗಂಡುಗೊಂಬೆ ಇದೆ. ಮಾತು ಮುಗಿಸಿದ್ದೇನೆ."

"ಸಂತೋಷ ದೊರೆ. ಹೆಣ್ಣನ್ನು ಎಲ್ಲಿಂದ ಕಳಿಸುತ್ತೀರಿ?"

"ಇಲ್ಲಿಂದಲೇ."

"ತವರಿನ ಹೊಸಿಲು ದಾಟಿ ಬರದ ಹೆಣ್ಣನ್ನು ಬೀಗರು ಆಡಿಕೊಳ್ಳುವುದಿಲ್ಲವೇ?"

ಅರಸ ಬೆವರಿದ. ಗೊಂಬೆಯ ಕಡೆಯವರಾದರೂ ಬೀಗರು ಬೀಗರೇ.

"ತವರು ಅಂದರೆ ನಿನ್ನ ಮನೆ ತಾನೇ?"

"ಮಾಡಿದವಳು ನಾನಲ್ಲವೇ? ಆದರೆ ಮದುಮಗಳು ಒಬ್ಬಳೇ ಪಲ್ಲಕ್ಕಿ ಇಳಿದರೆ ಚೆನ್ನಾಗಿರುತ್ತದೆಯೇ…"

"ಸಾವಂತ್ರಿ ಜೊತೆಗೆ ಬರುತ್ತಾಳೆ ಮಾರಾಯ್ತಿ, ಸುಮ್ಮನಿರು!"

ಹೂವವ್ವನ ಬಾಗಿಲಿಗೆ ತೋರಣ ಕಟ್ಟಿದರು. ಓಲಗ ಊದಿದರು. ಗೊಂಬೆ ನೆರೆಯ ರಾಜ್ಯಕ್ಕೆ ಹೋಯಿತು. ಸಾವಂತ್ರಿ ಹೋಗಲಿಲ್ಲ, ಗೊಂಬೆ ಅರಮನೆಯಲ್ಲಿ ಇರುವತನಕ ಎಂದು ಅರಸನೇ ಹೇಳಿದ್ದನಲ್ಲ.

ಹೂವವ್ವ ಮಗಳನ್ನು ಹೊಸಿಲ ಮೇಲೆ ನಿಲ್ಲಿಸಿ, ನೆತ್ತಿಯ ಮೇಲೆ ಕೈಯಿಟ್ಟು ನೋಡಿದಳಂತೆ.

"ಸರಿಯಾಗಿದೆಯೇನವ್ವ?" ಅಂದಳು ಸಾವಂತ್ರಿ.

"ಒಂದು ಕೂದಲೂ ಹೆಚ್ಚುಕಮ್ಮಿ ಇಲ್ಲ ಕಣೇ" ಅಂದಳು ಅವ್ವ. ಆಮೇಲೆ ಅತ್ತಳು.

ಅವರ ಒಲೆಯ ಮೇಲೆ ಪಾಯಸ ಉಕ್ಕಿತಂತೆ, ನಮ್ಮ ಕಥೆ ಇಲ್ಲಿಗೆ ಆರಿತಂತೆ. ಆ ಊರಿನವರು ಬೆಳೆದ ಗೊಂಬೆಯ ಮಹಿಮೆಯನ್ನು ಇವತ್ತಿಗೂ ಹಾಡುತ್ತಾರಂತೆ.

ವರ್ಷ ವರ್ಷ ಸಾವಂತ್ರಿ ತನ್ನ ಎತ್ತರದಷ್ಟು ದಾರವನ್ನು ಗೊಂಬೆಯ ಜಡೆಯೊಳಗೆ ಹೆಣೆದು ಕಳಿಸುತ್ತಿದ್ದಳು. ಹೂವವ್ವ ಆ ಅಳತೆಗೆ ಹೊಸ ಗೊಂಬೆ ಕೆತ್ತುತ್ತಿದ್ದಳು.