ನೀಲಗಂಗವ್ವ ಅಕ್ಕೋರ ಒಂಬತ್ತನೇ ಮನೆ

ಬಹಳ ಹಿಂದೆ, ಈ ಕಾಲೇಜಿಗೆ ಇನ್ನೂ ಹಂಚಿನ ಸೂರು ಇದ್ದ ಕಾಲದಲ್ಲಿ, ಭೀಮಾ ದಂಡೆಯ ಇದೇ ಊರಲ್ಲಿ ನೀಲಗಂಗವ್ವ ಅಂತ ಗಣಿತ ಕಲಿಸುವ ಅಕ್ಕೋರು ಒಬ್ಬರು ಇದ್ದರಂತೆ. ಯಾವ ಇಸವಿ ಅಂತ ಕೇಳಬೇಡಿ. ನಾನು ಈ ಲ್ಯಾಬಿನ ಗಾಜು ಒರೆಸುತ್ತಲೇ ಮುದುಕನಾದವನು, ನನಗೆ ಹೇಳಿದವರೂ ಕಣ್ಣಾರೆ ಕಂಡವರಲ್ಲ. ಅಕ್ಕೋರು ಬೋರ್ಡಿನ ಮೇಲೆ ಬಾಣ ಎಳೆಯಲು ನಿಂತರೆ ಗಂಟೆ ಬಾರಿಸುವವನು ಗಂಟೆ ಮರೆಯುತ್ತಿದ್ದನಂತೆ. ಒಂದೇ ಸೀಮೆಸುಣ್ಣ ಹದಿನೆಂಟು ವರ್ಷ ಬಂತು ಅನ್ನುವವರೂ ಇದ್ದಾರೆ. ಅದನ್ನು ನಾನು ನಂಬುವುದಿಲ್ಲ, ಬಾಣದ ಮಾತು ನಂಬುತ್ತೇನೆ.

ಯಾವುದನ್ನೂ ಒಡೆದು ಒಳಗೆ ಇಣುಕಬೇಡಿ, ಅದರಿಂದ ಎಲ್ಲಿಗೆ ಬಾಣ ಹೋಗುತ್ತದೆ, ಎಲ್ಲಿಂದ ಬಂದು ಸೇರುತ್ತದೆ ನೋಡಿ ಅಂತ ಅವರು ಕಲಿಸುತ್ತಿದ್ದರಂತೆ. ಓದಿದವರು ಇದಕ್ಕೆ ಕೆಟಗರಿ ಥಿಯರಿ, ಟೋಪಾಸ್ ಅಂತೆಲ್ಲ ಹೆಸರು ಹೇಳುತ್ತಾರೆ. ನಮಗೆ ಅದು ಅಕ್ಕೋರ ಬಾಣ.

ಆಗ ಜುಬೇದಾ ಅಂತ ಒಬ್ಬ ಹುಡುಗಿ ಭೌತಶಾಸ್ತ್ರದ ಕೊನೇ ವರ್ಷದಲ್ಲಿದ್ದಳು. ಅವಳ ಪಾಲಿಗೆ ಕ್ವಾಂಟಮ್ ಪ್ರಯೋಗ ಬಂತು. ಬೆಳಕಿನ ಕಣಗಳಿಗೆ ಒಂಬತ್ತು ಪ್ರಶ್ನೆ, ಅಡ್ಡಕ್ಕೆ ಮೂರು, ಉದ್ದಕ್ಕೆ ಮೂರು ಮನೆ ಹಾಕಿ ಜೋಡಿಸಿದ್ದು. ಒಂದು ಸಲಕ್ಕೆ ಒಂದೇ ಸಾಲು ಕೇಳಬೇಕು, ಒಂಬತ್ತನ್ನೂ ಒಟ್ಟಿಗೆ ಕೇಳಲು ಆಗುವುದಿಲ್ಲ. ಉತ್ತರ ಕಪ್ಪು, ಇಲ್ಲವೇ ಬಿಳಿ. ಅಡ್ಡ ಸಾಲು ಯಾವುದು ಕೇಳಿದರೂ ಕಪ್ಪು ಎರಡು ಬರುತ್ತಿತ್ತು, ಇಲ್ಲವೇ ಒಂದೂ ಬರುತ್ತಿರಲಿಲ್ಲ. ಉದ್ದ ಸಾಲಲ್ಲೂ ಹಾಗೇ. ಕೊನೆಯ ಉದ್ದ ಸಾಲಲ್ಲಿ ಮಾತ್ರ ಒಂದು ಇಲ್ಲವೇ ಮೂರು.

ನಮ್ಮ ಪದ್ಧತಿ ನಿಮಗೆ ಗೊತ್ತಲ್ಲ. ರಫ್ ಬುಕ್ಕಿನಲ್ಲಿ ಬಂದದ್ದು ಬರೆಯುವುದು, ಫೇರ್ ರೆಕಾರ್ಡಿನಲ್ಲಿ ಬರಬೇಕಾದ್ದು ಬರೆಯುವುದು. ಒಂಬತ್ತು ಮನೆಯ ಒಂದೇ ಕೋಷ್ಟಕ ಎಲ್ಲರೂ ಚೊಕ್ಕವಾಗಿ ತುಂಬುತ್ತಿದ್ದರು. ಜುಬೇದಾ ಎಂಟು ತುಂಬಿದಳು. ಒಂಬತ್ತನೆಯದಕ್ಕೆ ಅಡ್ಡ ಸಾಲು ಕಪ್ಪು ಕೇಳಿತು, ಉದ್ದ ಸಾಲು ಬಿಳಿ ಕೇಳಿತು. ಅವಳು ಆ ಮನೆ ಖಾಲಿ ಬಿಟ್ಟಳು.

ಹೊರಗಿನಿಂದ ಬಂದ ಪರೀಕ್ಷಕರು ರೇಗಿದರಂತೆ. ತುಂಬು, ಇಲ್ಲವಾದರೆ ಫೇಲು ಅಂದರಂತೆ. ಇನ್ನೊಂದು ವರ್ಷ ಓದಿಸುವ ತ್ರಾಣ ಅವಳ ಮನೆಯಲ್ಲಿ ಇರಲಿಲ್ಲ. ಪೆನ್ನಿನ ಮುಚ್ಚಳ ತೆಗೆದಳಂತೆ, ಹಾಕಿದಳಂತೆ, ಮತ್ತೆ ತೆಗೆದಳಂತೆ. ಆದರೂ ಬರೆಯಲಿಲ್ಲ.

ಸುದ್ದಿ ತಿಳಿದು ಅಕ್ಕೋರು ಬಂದರು. ಸೆರಗಿನಲ್ಲಿ ಒಂಬತ್ತು ಹುಣಸೆ ಬೀಜ, ಚೌಕಾಬಾರ ಆಡಲು ಕಲ್ಲಿಗೆ ಉಜ್ಜಿ ಒಂದು ಬದಿ ಬಿಳಿ ಮಾಡಿದ್ದು.

"ಸರ, ಆಕಿ ಹೇಳಿದ ಲೆಕ್ಕದಾಗ ಈ ಒಂಬತ್ತೂ ನೀವs ಜೋಡಿಸ್ರಿ. ಜೋಡಿಸಿದ್ರ ಆ ಖಾಲಿ ಮನಿ ನಾನs ತುಂಬ್ತೇನಿ," ಅಂದರಂತೆ.

ಪರೀಕ್ಷಕರು ಕೂತರು. ಚಹಾ ಬಂತು, ಆರಿತು. ಊಟದ ಗಂಟೆ ಆಯಿತು. ಬೀಜ ತಿರುವಿದರು, ಮತ್ತೆ ತಿರುವಿದರು. ಅಡ್ಡ ಎಣಿಸಿದರೆ ಕಪ್ಪು ಒಟ್ಟು ಸರಿಸಂಖ್ಯೆ ಆಗಬೇಕು, ಉದ್ದ ಎಣಿಸಿದರೆ ಬೆಸ. ಅವೇ ಒಂಬತ್ತು ಬೀಜ ಎರಡೂ ಹೇಗಾದಾವು?

ಆಗ ಅಕ್ಕೋರು ಆರು ಚೀಟಿ ಹರಡಿ, ಒಂದೊಂದರಲ್ಲಿ ಒಂದೊಂದು ಸಾಲು ಬರೆದರಂತೆ. ಎರಡು ಚೀಟಿಗೆ ಒಂದೇ ಮನೆ ಬಂದ ಕಡೆಯೆಲ್ಲ, ಎರಡೂ ಚೀಟಿಯಿಂದ ಆ ಮನೆಗೆ ಒಂದೊಂದು ಬಾಣ ಎಳೆದರಂತೆ.

"ಇದು ಒಂದು ಕೋಷ್ಟಕ ಅಲ್ರಿ, ಆರು ಕಿಟಕಿ. ಹೌದೋ ಅಲ್ಲೋ ಅಂತ ಕೇಳಬ್ಯಾಡ್ರಿ. ಯಾವ ಕಿಟಕಿಯಿಂದ ಹೌದು ಅಂತ ಕೇಳ್ರಿ. ಈ ಹುಡುಗಿ ಕಂಡಷ್ಟs ಬರದಾಳ."

ಪರೀಕ್ಷಕರು ಬೀಜಗಳನ್ನು ಅಕ್ಕೋರ ಕಡೆ ಸರಿಸಿ, ಸಣ್ಣ ದನಿಯಲ್ಲಿ ಒಂದು ಮಾತು ಆಡಿದರಂತೆ. "ನನ್ನ ಕಾಲಕ್ಕ ನಾನು ತುಂಬಿದ್ದೆ, ಅಕ್ಕೋರೆ."

ಜುಬೇದಾಳ ರೆಕಾರ್ಡಿಗೆ ಸಹಿ ಬಿತ್ತು. ಮುಂದೆ ಅವಳು ಇದೇ ಕಾಲೇಜಿಗೆ ಅಕ್ಕೋರಾಗಿ ಬಂದಳು. ಪರೀಕ್ಷಕರು ಊರಿಗೆ ಹೋಗಿ ತಮ್ಮ ಹಳೇ ರೆಕಾರ್ಡನ್ನು ಅಂಚೆಯಲ್ಲಿ ಕಳಿಸಿದರಂತೆ. ಇದಕ್ಕೆ ಅಂತೆ ಯಾಕೆ, ನಾನು ದಿನಾ ಗಾಜು ಒರೆಸುವ ಆ ಬೀರುವಿನಲ್ಲೇ ಇದೆ, ನೋಡಿ. ಒಂಬತ್ತನೇ ಮನೆಯನ್ನು ಬ್ಲೇಡಿನಿಂದ ಕೆರೆದೂ ಕೆರೆದೂ ಕಾಗದ ತೂತಾಗಿದೆ.

ಇವತ್ತಿಗೂ ನಮ್ಮಲ್ಲಿ ಆ ಮನೆಯನ್ನು ಯಾರೂ ತುಂಬುವುದಿಲ್ಲ, ಎರಡು ಬಾಣ ಮಾತ್ರ ಎಳೆಯುತ್ತಾರೆ. ಕೊನೇ ಪರೀಕ್ಷೆ ಮುಗಿಸಿದ ಪ್ರತಿಯೊಬ್ಬರೂ ಈ ಕಿಟಕಿಯ ಕಟ್ಟೆ ಮೇಲೆ ಎಂಟು ಹುಣಸೆ ಬೀಜ ಇಟ್ಟು, ಒಂಬತ್ತನೆಯದನ್ನು ತಮ್ಮ ಜೊತೆಗೆ ಒಯ್ಯುತ್ತಾರೆ.